ಮೊದಲು ಬಿಸಿ, ಆಮೇಲೆ ಮಸಿ: ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಎಕ್ಸ್1 20ಡಿ ರಿಪೇರಿಯ ದಾಖಲೆ

ಗಾಡಿ: ಬಿಎಂಡಬ್ಲ್ಯು ಎಕ್ಸ್1 ಎಸ್‌ಡ್ರೈವ್20ಡಿ, ಮೊದಲ ತಲೆಮಾರಿನದು, ಕಂಪನಿಯ ಲೆಕ್ಕದಲ್ಲಿ ಇ84. 2012ರ ಮಾಡೆಲ್, ಮೀಟರಿನಲ್ಲಿ 86,000 ಕಿ.ಮೀ. ಎಂಜಿನ್ ಎನ್47, 1,995 ಸಿಸಿ ಡೀಸೆಲ್, 177 ಎಚ್‌ಪಿ, 350 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಝಡ್‌ಎಫ್‌ನ 6 ಸ್ಪೀಡ್ ಆಟೊಮ್ಯಾಟಿಕ್.

ದೂರು ಮೂರು. ಹೆದ್ದಾರಿಯಲ್ಲೂ ಮೈಲೇಜ್ 12 ದಾಟುತ್ತಿಲ್ಲ. 1,500 ಆರ್‌ಪಿಎಂ ಹತ್ತಿರ ಕಾಲೊತ್ತಿದರೆ ಗಾಡಿ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಅರ್ಧ ನಿಮಿಷ ನಡುಕ. ಎಚ್ಚರಿಕೆಯ ದೀಪ ಮಾತ್ರ ಒಂದೂ ಉರಿಯುತ್ತಿಲ್ಲ.

ಈ ಮಾಡೆಲ್ ಭಾರತಕ್ಕೆ ಬಂದದ್ದು 2010ರ ಕೊನೆಯಲ್ಲಿ, ಜೋಡಣೆ ಚೆನ್ನೈ ಕಾರ್ಖಾನೆಯಲ್ಲಿ. ನೋಡಲು ಎಸ್‌ಯುವಿ ಆದರೂ ಒಳಗಿನ ಎಲುಬು ಅಂದಿನ 3 ಸೀರೀಸ್ ಕಾರಿನದ್ದೇ: ಎಂಜಿನ್ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರಗಳು ಎಳೆಯುತ್ತವೆ. ಕೆಲಸ ಮಾಡುವವರಿಗೆ ಇದು ಅನುಕೂಲ. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕಕ್ಕೆ ಕೈ ಹೋಗುತ್ತದೆ. 2016ರಿಂದ ಇಲ್ಲಿ ಮಾರಿದ ಎರಡನೇ ತಲೆಮಾರಿನ ಎಕ್ಸ್1 ಪೂರ್ತಿ ಬೇರೆ ಗಾಡಿ, ಎಂಜಿನ್ ಅಡ್ಡಕ್ಕಿದೆ, ಮುಖ್ಯವಾಗಿ ಮುಂದಿನ ಚಕ್ರದ ಎಳೆತ. ಇಲ್ಲಿ ಬರೆದ ಕ್ರಮ ಅದಕ್ಕೆ ಹೊಂದುವುದಿಲ್ಲ.

ಒಂದು ಮಾತು ಮೊದಲೇ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದಾಗಿನಿಂದ, ಅಲ್ಲಿಂದ ಇಂಥ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತವೆ. ಎನ್‌ಒಸಿ ತಂದು ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸುವ ಖರ್ಚನ್ನೂ, ಈ ದಾಖಲೆಯಲ್ಲಿರುವ ಕೆಲಸದ ಖರ್ಚನ್ನೂ ಕೂಡಿಸಿ ನೋಡಿಯೇ ಬೆಲೆ ಮಾತಾಡಿ.

ಪಾನಾ ಹಿಡಿಯುವ ಮೊದಲು ಓದಬೇಕಾದ ಅಂಕಿ

ಇ84ರ ಮೀಟರ್ ಕನ್ಸೋಲ್‌ನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳೇ ಇಲ್ಲ. ಅತಿಯಾಗಿ ಕಾದರೆ ದೀಪ ಬರುತ್ತದೆ, ತಣ್ಣಗೆ ಓಡುತ್ತಿದ್ದರೆ ಯಾರೂ ಹೇಳುವುದಿಲ್ಲ. ಈ ಗಾಡಿಯ ಬಹುಪಾಲು ಕಾಯಿಲೆ ಶುರುವಾಗುವುದು ಅಲ್ಲಿಂದಲೇ.

ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ (ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಕಿಂಡಿ) ಒಂದು ಬ್ಲೂಟೂತ್ ಡಾಂಗಲ್ ಹಾಕಿ, ಫೋನಿನ ಯಾವುದೇ ಓಬಿಡಿ ಆ್ಯಪ್‌ನಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಟೆಂಪರೇಚರ್ ತೆರೆದರೆ ಸಾಕು. ಆ ಅಂಕಿಯ ಓಬಿಡಿ ಸಂಕೇತ ಪಿಐಡಿ 05. ಈ ಗಾಡಿಯಲ್ಲಿ ಬಂದ ಅಂಕಿಗಳು:

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಂತರ 82 ಡಿಗ್ರಿ. ನೆಲಮಂಗಲ ದಾಟಿ 80ರ ವೇಗದಲ್ಲಿ ಹೋಗುವಾಗ 71ರಿಂದ 74. ಶಿರಾಡಿ ಘಾಟಿಯ ಇಳಿಜಾರಿನಲ್ಲಿ, ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯುವಾಗ, 63.

ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಬಾಗಿಲು) ಸರಿಯಿದ್ದರೆ ಮೂರು ಕಡೆಯೂ 85ರಿಂದ 95ರ ನಡುವೆ ಇರಬೇಕು. ಟ್ರಾಫಿಕ್‌ನಲ್ಲಿನ ಅಂಕಿ ನೋಡಿ ಸರಿಯಿದೆ ಎಂದುಕೊಳ್ಳುವ ತಪ್ಪು ಎಲ್ಲರೂ ಮಾಡುತ್ತಾರೆ. ನಿಂತ ಗಾಡಿಯಲ್ಲಿ ಗಾಳಿ ಇಲ್ಲದೆ ಕೂಲೆಂಟ್ ಹೇಗೂ ಕಾಯುತ್ತದೆ. ಗಾಳಿ ಜೋರಾಗಿ ಹೊಡೆದು, ಎಂಜಿನ್ ಕೆಲಸ ಕಡಿಮೆ ಇರುವಾಗ ಬಿಸಿ ನಿಲ್ಲುತ್ತದೆಯೇ ಎಂಬುದೇ ಪರೀಕ್ಷೆ. ಘಾಟಿ ಇಳಿಯುವುದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಅದೇ ಆ್ಯಪ್‌ನಲ್ಲಿ ಇನ್ನೊಂದು: ಮಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಪ್ರೆಶರ್, ಪಿಐಡಿ 0ಬಿ. ಕೀಲಿ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಓದಿ. ಸುತ್ತಲಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಬೆಂಗಳೂರಿನ ಎತ್ತರಕ್ಕೆ ಸುಮಾರು 91 ಕಿಲೊಪ್ಯಾಸ್ಕಲ್, ಮಂಗಳೂರಿನಲ್ಲಿ 101ರ ಆಸುಪಾಸು. ಈ ಗಾಡಿಯಲ್ಲಿ ಬೆಂಗಳೂರಿನಲ್ಲಿ ನಿಂತು 98 ತೋರಿಸಿತು. ಸೆನ್ಸರ್‌ನ ಮೂತಿಗೆ ಮಸಿ ಕಟ್ಟಿದೆ ಎಂದರ್ಥ. ಟರ್ಬೊ ಎಷ್ಟು ಒತ್ತುತ್ತಿದೆ ಎಂಬ ಲೆಕ್ಕವನ್ನು ಕಂಪ್ಯೂಟರ್ ತಪ್ಪಾಗಿ ಹಾಕುತ್ತಿದೆ. ಮುಗ್ಗರಿಕೆಗೆ ಅರ್ಧ ಕಾರಣ ಇಲ್ಲೇ ಸಿಕ್ಕಿತು.

ಕೆಲಸದ ಕ್ರಮ ಯಾಕೆ ಹೀಗೆ

ಮೈಲೇಜ್ ಕಡಿಮೆ, ಪಿಕಪ್ ಇಲ್ಲ ಎಂದ ಕೂಡಲೇ ಹೊರಗಿನ ಗ್ಯಾರೇಜುಗಳಲ್ಲಿ ಮಾಡುವುದು ಒಂದೇ: ಎಂಜಿನ್ ಡಿಕಾರ್ಬ್ (ಒಳಗಿನ ಮಸಿ ತೆಗೆಯುವುದು), ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಕ್ಲೀನಿಂಗ್, ಇಂಜೆಕ್ಟರ್‌ಗೆ ಬಾಟಲಿ ಔಷಧ. ಎರಡು ಮೂರು ತಿಂಗಳು ಗಾಡಿ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕತೆ. ಮಸಿ ತೆಗೆದರು, ಮಸಿ ಹುಟ್ಟುವ ಕಾರಣ ಹಾಗೇ ಉಳಿಯಿತು.

ಎಂಜಿನ್ 70 ಡಿಗ್ರಿಯಲ್ಲೇ ಓಡುತ್ತಿದ್ದರೆ ಕಂಪ್ಯೂಟರ್ ಅದನ್ನು ಇನ್ನೂ ಕಾಯದ ಎಂಜಿನ್ ಎಂದೇ ತಿಳಿದು ಅದಕ್ಕೆ ತಕ್ಕಂತೆ ಡೀಸೆಲ್ ಹಾಕುತ್ತದೆ. ಉರಿಯುವಿಕೆ ಅರೆಬರೆ, ಮಸಿ ಜಾಸ್ತಿ. ಆ ಮಸಿ ಇಜಿಆರ್ ಮೂಲಕ ಮತ್ತೆ ಒಳಹರಿವಿಗೆ ಬಂದು, ಕ್ರ್ಯಾಂಕ್‌ಕೇಸ್‌ನಿಂದ ಬರುವ ಆಯಿಲ್ ಹಬೆಯ ಜೊತೆ ಬೆರೆತು, ತಣ್ಣನೆಯ ಪ್ಲಾಸ್ಟಿಕ್ ಗೋಡೆಗೆ ಅಂಟುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಇನ್ನೂ ಕೆಡುಕು: ಕೂಲೆಂಟ್ ಸುಮಾರು 75 ಡಿಗ್ರಿ ಮುಟ್ಟದೆ ಅದು ತನ್ನ ಮಸಿಯನ್ನು ಸುಡುವ ಕೆಲಸಕ್ಕೇ ಕೈಹಾಕುವುದಿಲ್ಲ. ಹಾಗಾಗಿ ಮೊದಲು ಥರ್ಮೋಸ್ಟಾಟ್, ಆಮೇಲೆ ಮಾನಿಫೋಲ್ಡ್. ಈ ಕ್ರಮ ತಿರುಗಿಸಿದರೆ ಮಾನಿಫೋಲ್ಡ್ ಕೆಲಸಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಥರ್ಮೋಸ್ಟಾಟ್

ಬೇಕಾದ ಸಾಮಾನು: ಥರ್ಮೋಸ್ಟಾಟ್ ಹೌಸಿಂಗ್ ಸಮೇತ, ಅದರ ರಬ್ಬರ್ ಸೀಲ್, ಬಿಎಂಡಬ್ಲ್ಯು ಒಪ್ಪಿದ ನೀಲಿ ಕೂಲೆಂಟ್ ಕಾನ್ಸಂಟ್ರೇಟ್ 4 ಲೀಟರ್, ಡಿಸ್ಟಿಲ್ಡ್ ವಾಟರ್ 5 ಲೀಟರ್. ಇದು 88 ಡಿಗ್ರಿಗೆ ತೆರೆಯಲು ಶುರುಮಾಡುವ ಥರ್ಮೋಸ್ಟಾಟ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಮೂರು ನಾಲ್ಕು ದರ್ಜೆಯ ಮಾಲು ಸಿಗುತ್ತದೆ. ಯಾವುದು ತಂದರೂ ಹಾಕುವ ಮೊದಲು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಪಾತ್ರೆ ನೀರಿನಲ್ಲಿ ತೇಲದಂತೆ ಇಳಿಬಿಟ್ಟು, ಅಡುಗೆಯ ಥರ್ಮಾಮೀಟರ್ ಇಟ್ಟು ಕಾಯಿಸಿ. 85ರವರೆಗೆ ಬಿಲ್ಲೆ ಬಿಗಿಯಾಗಿ ಮುಚ್ಚಿರಬೇಕು, 88-90ಕ್ಕೆ ಕೂದಲೆಳೆಯಷ್ಟು ಬಿರುಕು ಕಾಣಬೇಕು, ಮುಂದೆ ಅಗಲವಾಗುತ್ತಾ ಹೋಗಬೇಕು. ಬೆಂಗಳೂರಿನಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ. ಪೂರ್ತಿ ತೆರೆದದ್ದು ಕಾಣದಿದ್ದರೆ ಗಾಬರಿಯಾಗಬೇಡಿ, ತೆರೆಯಲು ಶುರುವಾಗುವ ಅಂಕಿ ಮುಖ್ಯ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಹಿಡಿಯುವುದೇ ಸರಿ. ಎಕ್ಸ್‌ಪಾನ್ಷನ್ ಟ್ಯಾಂಕ್ ಮುಚ್ಚಳ ತೆಗೆದು, ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ರೇಡಿಯೇಟರ್ ಕೆಳಗೆ ಟಬ್ ಇಟ್ಟು ಕೂಲೆಂಟ್ ಇಳಿಸಿ. ಜಾಕಿ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಏರ್ ಫಿಲ್ಟರ್‌ನಿಂದ ಬರುವ ಪೈಪ್ ಮತ್ತು ಮುಂದಿನ ಫ್ಯಾನನ್ನು ಅದರ ಚೌಕಟ್ಟಿನ ಸಮೇತ ಮೇಲಕ್ಕೆ ಎತ್ತಿದರೆ ಎಂಜಿನ್ನಿನ ಮುಂಭಾಗ ಬಯಲಾಗುತ್ತದೆ. ಫ್ಯಾನ್ ಎತ್ತುವಾಗ ರೇಡಿಯೇಟರ್‌ನ ತೆಳು ರೆಕ್ಕೆಗಳಿಗೆ ತಾಗದಂತೆ ನಡುವೆ ಒಂದು ರಟ್ಟು ಇಳಿಬಿಡಿ. ಥರ್ಮೋಸ್ಟಾಟ್‌ಗೆ ಬರುವ ಹೋಸ್ ಪೈಪ್‌ಗಳಿಗೆ ತಂತಿಯ ಕ್ಲಿಪ್ ಇದೆ. ಕ್ಲಿಪ್ಪನ್ನು ಸ್ಕ್ರೂಡ್ರೈವರ್‌ನಿಂದ ಹೊರಕ್ಕೆ ಎಳೆದರೆ ಪೈಪ್ ಬಿಡುತ್ತದೆ. ಪೈಪ್ ಹಿಡಿದು ಜಗ್ಗಿದರೆ ಹಳೆಯ ಪ್ಲಾಸ್ಟಿಕ್ ಕತ್ತು ಮುರಿಯುತ್ತದೆ, ತಿರುಗಿಸಿ ಸಡಿಲಿಸಿ ಎಳೆಯಿರಿ.

ಹಳೆಯ ಥರ್ಮೋಸ್ಟಾಟ್ ಕೈಗೆ ಬಂದಾಗ ಕಂಡದ್ದು: ಕೋಣೆಯ ಬಿಸಿಯಲ್ಲೇ ಬಿಲ್ಲೆಯ ಒಂದು ಬದಿ ಎದ್ದಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಎಳೆಯ ಚಂದ್ರನ ಆಕಾರದಲ್ಲಿ ಬೆಳಕು ಆಚೆಯಿಂದ ಈಚೆಗೆ ಕಾಣುತ್ತಿತ್ತು. ಆ ಒಂದು ಮಿಲಿಮೀಟರ್ ಸಂದಿಯಿಂದಲೇ ದಿನವಿಡೀ ಕೂಲೆಂಟ್ ರೇಡಿಯೇಟರ್‌ಗೆ ಸೋರಿ ಹೋಗುತ್ತಿತ್ತು.

ಹೊಸದನ್ನು ಕೂರಿಸುವ ಮೊದಲು ಎಂಜಿನ್ ಕಡೆಯ ಮುಖವನ್ನು ನೈಲಾನ್ ಸ್ಕ್ರಬ್ಬರ್‌ನಿಂದ ಉಜ್ಜಿ ಒರೆಸಿ. ಸೀಲ್‌ಗೆ ಕೂಲೆಂಟನ್ನೇ ಸವರಿದರೆ ಸಾಕು, ಗ್ರೀಸ್ ಬೇಡ, ಗ್ಯಾಸ್ಕೆಟ್ ಪೇಸ್ಟ್ ಖಂಡಿತ ಬೇಡ. ಬೋಲ್ಟ್‌ಗಳು ಅಲ್ಯುಮಿನಿಯಂಗೆ ಹೋಗುತ್ತವೆ, ಚಿಕ್ಕವು. 10 ನ್ಯೂಟನ್ ಮೀಟರ್‌ಗೆ ನಿಲ್ಲಿಸಿ.

ಕೂಲೆಂಟ್ ತುಂಬುವ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ಕೀಲಿ ಆನ್ ಮಾಡಿ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದರೆ ಪಂಪ್ ತಾನೇ ಗಾಳಿ ತೆಗೆಯುತ್ತದೆ ಎಂದು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಅದು ವಿದ್ಯುತ್ ವಾಟರ್ ಪಂಪ್ ಇರುವ ಬಿಎಂಡಬ್ಲ್ಯು ಪೆಟ್ರೋಲ್ ಎಂಜಿನ್‌ಗಳಿಗೆ. ಎನ್47ರಲ್ಲಿ ವಾಟರ್ ಪಂಪ್ ಬೆಲ್ಟಿನಿಂದ ತಿರುಗುತ್ತದೆ, ಎಂಜಿನ್ ಓಡಿದರೆ ಮಾತ್ರ ನೀರು ಓಡುತ್ತದೆ. ಕ್ರಮ ಇಷ್ಟೇ: ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ ಇಟ್ಟು, ಏರ್ ಬ್ಲೀಡ್ ಸ್ಕ್ರೂ ಸಡಿಲಿಸಿ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದ್ದನ್ನು ನಿಧಾನಕ್ಕೆ ಸುರಿಯಿರಿ. ಸ್ಕ್ರೂ ಬಾಯಲ್ಲಿ ಗುಳ್ಳೆ ನಿಂತು ನೀರು ಸಮನಾಗಿ ಬಂದಮೇಲೆ ಬಿಗಿದು, ಎಂಜಿನ್ ಸ್ಟಾರ್ಟ್ ಮಾಡಿ 2,000 ಆರ್‌ಪಿಎಂಗೆ ಆಗಾಗ ಎತ್ತಿ, ಎಸಿ ಬಾಯಿಂದ ಬಿಸಿಗಾಳಿ ಬರುವವರೆಗೆ ಬಿಡಿ. ತಣ್ಣಗಾದ ಮೇಲೆ ಮಟ್ಟ ನೋಡಿ ತುಂಬಿಸಿ. ಈ ಗಾಡಿಗೆ ಮರುದಿನ ಇನ್ನೂ 300 ಮಿಲಿಲೀಟರ್ ಹಿಡಿಯಿತು. ನಲ್ಲಿ ನೀರು ಬೆರೆಸಬೇಡಿ. ಬೋರ್‌ವೆಲ್ ನೀರಿನ ಸುಣ್ಣ ಇಜಿಆರ್ ಕೂಲರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ.

ನೆಲಮಂಗಲ ಹೆದ್ದಾರಿಯಲ್ಲಿ ಮತ್ತೆ ಅದೇ 80ರ ವೇಗ: 89ರಿಂದ 91. ಶಿರಾಡಿ ಇಳಿಜಾರು: 87.

ಮಾನಿಫೋಲ್ಡ್

ಇದು ಒಂದೂವರೆ ದಿನದ ಕೆಲಸ, ಆತುರಪಡುವವರಿಗೆ ಅಲ್ಲ. ಸಾಮಾನು: ಮಾನಿಫೋಲ್ಡ್ ಗ್ಯಾಸ್ಕೆಟ್ ಸೆಟ್, ಥ್ರಾಟಲ್ ಬಾಡಿ (ಒಳಹೋಗುವ ಗಾಳಿಯ ಬಾಗಿಲು) ಸೀಲ್, ಇಜಿಆರ್ ಪೈಪಿನ ಸೀಲ್, ಇಂಟರ್‌ಕೂಲರ್ ಪೈಪಿನ ಸೀಲ್, ಕಾರ್ಬ್ ಕ್ಲೀನರ್ 4 ಡಬ್ಬಿ, 5 ಲೀಟರ್ ಡೀಸೆಲ್, ಬಾಟಲಿ ತೊಳೆಯುವ ನೈಲಾನ್ ಬ್ರಷ್ ಎರಡು ಅಳತೆಯದು, ಮರದ ಅಥವಾ ಪ್ಲಾಸ್ಟಿಕ್ ಕಡ್ಡಿ, ವ್ಯಾಕ್ಯೂಮ್ ಕ್ಲೀನರ್, ಬೇಕಾದಷ್ಟು ಬನಿಯನ್ ವೇಸ್ಟ್.

ಬ್ಯಾಟರಿ ಡಿಕ್ಕಿಯಲ್ಲಿದೆ. ಮೊದಲು ಅದರ ನೆಗೆಟಿವ್ ಬಿಚ್ಚಿ. ಎಂಜಿನ್ ಮೇಲಿನ ಹೊದಿಕೆ ತೆಗೆದು ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ. ವಯರಿಂಗ್ ಯಾವುದರ ಮೇಲೆ, ಯಾವುದರ ಕೆಳಗೆ ಹಾದಿದೆ ಎಂಬುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಇಂಟರ್‌ಕೂಲರ್‌ನಿಂದ ಬರುವ ಪೈಪ್, ಥ್ರಾಟಲ್ ಬಾಡಿ, ಇಜಿಆರ್ ಪೈಪ್, ಪ್ರೆಶರ್ ಸೆನ್ಸರ್, ಸ್ವಿರ್ಲ್ ಫ್ಲಾಪ್ ತಿರುಗಿಸುವ ಮೋಟಾರಿನ ಕನೆಕ್ಟರ್, ಈ ಕ್ರಮದಲ್ಲಿ ಬಿಚ್ಚುತ್ತಾ ಬಂದರೆ ಕೊನೆಗೆ ಮಾನಿಫೋಲ್ಡ್ ಬೋಲ್ಟ್‌ಗಳು ಉಳಿಯುತ್ತವೆ. ಮೇಲಿನ ಸಾಲು ಸಲೀಸು. ಕೆಳಸಾಲಿಗೆ ಉದ್ದದ ಎಕ್ಸ್‌ಟೆನ್ಷನ್ ಮತ್ತು ಯೂನಿವರ್ಸಲ್ ಜಾಯಿಂಟ್ ಬೇಕು, ಸಾಕೆಟ್‌ಗೆ ಅಯಸ್ಕಾಂತ ಇದ್ದರೆ ಬೋಲ್ಟ್ ಕೆಳಗೆ ಬೀಳುವ ಸಂಕಟ ತಪ್ಪುತ್ತದೆ. ಬಿದ್ದರೆ ಅದು ಕೆಳಗಿನ ಹೊದಿಕೆಯ ಮೇಲೆಯೇ ಕೂತಿರುತ್ತದೆ, ಹುಡುಕಿದರೆ ಸಿಗುತ್ತದೆ. ಡೀಸೆಲ್‌ನ ಹೈ ಪ್ರೆಶರ್ ಪೈಪುಗಳಿಗೆ ಕೈ ಹಾಕುವ ಅಗತ್ಯ ಇಲ್ಲ. ಅವನ್ನು ಸಡಿಲಿಸಿ ಜಾಗ ಮಾಡಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಧೂಳಿನ ಕಣ ಒಳಹೋದರೂ ಇಂಜೆಕ್ಟರ್ ಹೋಗುತ್ತದೆ.

ಮಾನಿಫೋಲ್ಡ್ ಹೊರಬಂತು. ಪ್ರತಿ ಸಿಲಿಂಡರ್‌ಗೆ ಎರಡು ದಾರಿ. ಒಂದರಲ್ಲಿ ಸ್ವಿರ್ಲ್ ಫ್ಲಾಪ್ ಇದೆ, ಕಡಿಮೆ ವೇಗದಲ್ಲಿ ಮುಚ್ಚಿಕೊಂಡು ಗಾಳಿಯನ್ನು ಸುಳಿಯಾಗಿಸುತ್ತದೆ. ಫ್ಲಾಪ್ ಇಲ್ಲದ ದಾರಿಗಳಲ್ಲಿ ಹೆಬ್ಬೆರಳು ಹೋಗುವ ಜಾಗ ಇತ್ತು. ಫ್ಲಾಪ್ ಇರುವ ದಾರಿಗಳಲ್ಲಿ ಕಿರುಬೆರಳು ಮಾತ್ರ ಹೋಯಿತು. ಇಜಿಆರ್ ಬಂದು ಸೇರುವ ಕತ್ತಿನಲ್ಲಿ ಮಸಿ ಇನ್ನೂ ದಪ್ಪ: ಮೇಲುಪದರ ಡಾಂಬರಿನಂತೆ ಜಿಡ್ಡು, ಅದರಡಿ ಹಳೆಯ ದೋಸೆ ಹೆಂಚಿನ ಕಿಟ್ಟದಂತೆ ಗಟ್ಟಿ, ಕಡ್ಡಿಯಿಂದ ಎಬ್ಬಿಸಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ತೊಳೆಯುವ ಮೊದಲು ತಕ್ಕಡಿಗೆ ಹಾಕಿದಾಗ ಹಾಗೂ ತೊಳೆದು ಒಣಗಿಸಿದ ಮೇಲೆ ಹಾಕಿದಾಗ ವ್ಯತ್ಯಾಸ 240 ಗ್ರಾಂ. ಎಂಜಿನ್ ಉಸಿರಾಡುವ ದಾರಿಯಲ್ಲಿ ಅಷ್ಟು ಕೂತಿತ್ತು.

ತೊಳೆಯುವುದು: ಒಂದು ಟಬ್‌ನಲ್ಲಿ ಡೀಸೆಲ್ ಹಾಕಿ ರಾತ್ರಿಯಿಡೀ ನೆನೆಸಿಡಿ, ಆದರೆ ಸ್ವಿರ್ಲ್ ಮೋಟಾರ್ ಬಿಚ್ಚಿಟ್ಟಿರಬೇಕು. ಬೆಳಗ್ಗೆ ಕಡ್ಡಿ, ಬ್ರಷ್, ಕಾರ್ಬ್ ಕ್ಲೀನರ್, ಕೊನೆಗೆ ಪಾತ್ರೆ ತೊಳೆಯುವ ಸೋಪಿನ ಬಿಸಿನೀರು. ಮಾನಿಫೋಲ್ಡ್ ಪ್ಲಾಸ್ಟಿಕ್‌ನದು. ಕಾಸ್ಟಿಕ್ ಸೋಡಾ, ಕುದಿಯುವ ನೀರು, ಗ್ಯಾಸ್ ಟಾರ್ಚ್, ತಂತಿ ಬ್ರಷ್ ಯಾವುದೂ ಬೇಡ. ಪೂರ್ತಿ ಒಣಗಿಸಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಒಂದೇ ಒಂದು ಸಡಿಲ ಚಕ್ಕೆ ಉಳಿದರೂ ಅದು ಹೋಗುವುದು ಸಿಲಿಂಡರ್‌ಗೆ.

ಫ್ಲಾಪ್‌ಗಳನ್ನು ಕೈಯಿಂದ ತಿರುಗಿಸಿ. ಒಂದು ತುದಿಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹೋಗಬೇಕು, ನಾಲ್ಕೂ ಒಟ್ಟಿಗೆ ತಿರುಗಬೇಕು. ಹಿಂದಿನ ಎಂ47 ಎಂಜಿನ್‌ನಲ್ಲಿ ಫ್ಲಾಪ್ ಮುರಿದು ಸಿಲಿಂಡರ್ ಒಳಗೆ ಬೀಳುವ ಪೀಡೆ ಇತ್ತು, ಅದಕ್ಕೇ ಆ ಗಾಡಿಗಳಲ್ಲಿ ಫ್ಲಾಪ್ ಕಿತ್ತು ಬಿರಡೆ ಹಾಕುವ ರೂಢಿ ಬಂತು. ಎನ್47ಕ್ಕೆ ಆ ಮದ್ದು ಬೇಕಿಲ್ಲ. ಇಲ್ಲಿ ಕೆಡುವುದು ಫ್ಲಾಪಿನ ದಂಡ ಹೊರಬರುವ ಜಾಗ: ಸವೆದು ಆಯಿಲ್ ಒಸರುತ್ತದೆ. ಸ್ವಲ್ಪ ಒಸರಿದರೆ ತೊಂದರೆ ಇಲ್ಲ. ದಂಡ ಕೈಯಲ್ಲಿ ಅಲ್ಲಾಡುವಷ್ಟು ಸವೆದಿದ್ದರೆ ಹೊಸ ಮಾನಿಫೋಲ್ಡೇ ದಾರಿ.

ಈಗ ಸಿಲಿಂಡರ್ ಹೆಡ್ ಕಡೆಯ ಬಾಯಿಗಳು. ಕೆರೆಯುವ ಸಿಲಿಂಡರಿನ ವಾಲ್ವ್‌ಗಳು ಮುಚ್ಚಿರಬೇಕು. ಕ್ರ್ಯಾಂಕ್ ಪುಲ್ಲಿಯಿಂದ ಎಂಜಿನ್ನನ್ನು ಗಡಿಯಾರದ ದಿಕ್ಕಿಗೆ ಮಾತ್ರ ತಿರುಗಿಸಿ, ವಾಲ್ವ್ ಮುಚ್ಚಿದ್ದನ್ನು ಟಾರ್ಚಿನಲ್ಲಿ ನೋಡಿಕೊಂಡು ಆ ಬಾಯಿಯನ್ನಷ್ಟೇ ಮಾಡಿ. ಉಳಿದವಕ್ಕೆ ಬಟ್ಟೆ ತುರುಕಿರಬೇಕು. ಎಷ್ಟು ಬಟ್ಟೆ ಇಟ್ಟಿರಿ ಎಂದು ಎಣಿಸಿ ಬರೆದಿಡಿ. ಕ್ಲೀನರ್ ಸುರಿದು ಹತ್ತು ನಿಮಿಷ ಬಿಟ್ಟು, ಕೆರೆದು, ವ್ಯಾಕ್ಯೂಮ್‌ನ ಬಾಯಿಗೆ ಸಣ್ಣ ಪೈಪ್ ಟೇಪ್ ಸುತ್ತಿ ಹೀರಿ. ಕ್ಲೀನರ್ ಹಸಿಯಿರುವಾಗ ವ್ಯಾಕ್ಯೂಮ್ ಹಾಕಬೇಡಿ, ಮೋಟಾರಿನ ಕಿಡಿಗೆ ಅದರ ಹಬೆ ಹೊತ್ತಿಕೊಳ್ಳುತ್ತದೆ. ಬನಿಯನ್ ವೇಸ್ಟಿನಿಂದ ಒರೆಸಿ ಆರಿದ ಮೇಲೆ ಒಣ ಪುಡಿಯನ್ನು ಮಾತ್ರ ಎಳೆಯಿರಿ.

ಮಾನಿಫೋಲ್ಡ್ ಇಲ್ಲದಾಗ ಗ್ಲೋ ಪ್ಲಗ್‌ಗಳು (ತಣ್ಣನೆಯ ಸ್ಟಾರ್ಟ್‌ಗೆ ಸಿಲಿಂಡರ್ ಕಾಯಿಸುವ ಕಡ್ಡಿಗಳು) ಕಣ್ಣೆದುರು ಇರುತ್ತವೆ, ಗ್ಲೋ ಪ್ಲಗ್ ಕಂಟ್ರೋಲರ್ ಮಾನಿಫೋಲ್ಡ್ ಅಡಿಯಲ್ಲೇ ಕೂತಿದೆ. ಬೆಳಗಿನ ನಡುಕದ ಉತ್ತರ ಇಲ್ಲಿತ್ತು. ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ ಮೂರು ಪ್ಲಗ್ 1 ಓಮ್‌ಗಿಂತ ಕಡಿಮೆ, ಮೂರನೇ ಸಿಲಿಂಡರಿನದು ಸಂಪರ್ಕವೇ ಇಲ್ಲ. ಸತ್ತ ಪ್ಲಗ್ ತೆಗೆಯುವಾಗ ಮೈಯೆಲ್ಲ ಎಚ್ಚರವಿರಲಿ: ತಣ್ಣನೆಯ ಎಂಜಿನ್‌ನಲ್ಲಿ ಬಲ ಹಾಕಿದರೆ ತುದಿ ಹೆಡ್ ಒಳಗೇ ಮುರಿಯುತ್ತದೆ, ಆಮೇಲೆ ಹೆಡ್ ಇಳಿಸುವ ಮಾತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬಿಚ್ಚುವಾಗ ಕಾಲು ಸುತ್ತು ಸಡಿಲ, ಸ್ವಲ್ಪ ಬಿಗಿ, ಮತ್ತೆ ಸಡಿಲ, ಹೀಗೆ ತಾಳ್ಮೆಯಿಂದ. ಕಿರುಗುಟ್ಟುವುದು ನಿಂತು ಬೆರಳಲ್ಲಿ ತಿರುಗುವ ಮಟ್ಟಕ್ಕೆ ಬರಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಲೆಕ್ಕ, ಒಂದಕ್ಕಾಗಿ ಮತ್ತೆ ಮಾನಿಫೋಲ್ಡ್ ಯಾರು ತೆಗೆಯುತ್ತಾರೆ?

ಇಜಿಆರ್ ವಾಲ್ವನ್ನೂ ಕೂಲರನ್ನೂ ಇದೇ ಹೊತ್ತಿನಲ್ಲಿ ನೋಡಿ. ವಾಲ್ವಿನ ಬಿಲ್ಲೆ ಪೂರ್ತಿ ಮುಚ್ಚಬೇಕು. ಕೂಲರ್ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಸಾಲುಸಾಲಾಗಿ ಬೆಂಕಿ ಬಿದ್ದಾಗ ಕಂಪನಿ ಹೇಳಿದ ಕಾರಣ ಇಜಿಆರ್ ಕೂಲರ್ ಸೋರಿಕೆ: ಒಸರಿದ ಕೂಲೆಂಟ್ ಮಸಿ ಮತ್ತು ಆಯಿಲ್ ಜೊತೆ ಬೆರೆತು, ಬಿಸಿ ಹೊಗೆಗೆ ಹೊತ್ತಿಕೊಂಡು ಪ್ಲಾಸ್ಟಿಕ್ ಮಾನಿಫೋಲ್ಡನ್ನು ಕರಗಿಸುತ್ತದೆ. ಹಾಗಾಗಿ ಕೂಲರ್ ಬಾಯಲ್ಲಿ ಒಣ ಮಸಿ ಇದ್ದರೆ ಸರಿ. ಒದ್ದೆ ಇದ್ದರೆ, ಬಿಳಿ ಉಪ್ಪಿನಂಥ ಗೆರೆ ಇದ್ದರೆ, ಸಿಹಿ ವಾಸನೆ ಇದ್ದರೆ ಕೂಲರ್ ಬದಲಿಸಲೇಬೇಕು. ಈ ಗಾಡಿಯದು ಒಣಗಿತ್ತು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಷಾಸಿ ನಂಬರ್ ಕೊಟ್ಟು ನಿಮ್ಮ ಗಾಡಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯೇ ಎಂದು ಕೇಳಿಕೊಳ್ಳಿ.

ಜೋಡಿಸುವಾಗ ಗ್ಯಾಸ್ಕೆಟ್ ಎಲ್ಲ ಹೊಸದು, ಮಾನಿಫೋಲ್ಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಪ್ಲಾಸ್ಟಿಕ್ ಎಂಬುದನ್ನು ನೆನಪಿಟ್ಟು ಬಿಗಿಯಿರಿ. ಎಣಿಸಿಟ್ಟ ಬಟ್ಟೆಗಳೆಲ್ಲ ಹೊರಬಂದವೇ ಎಂದು ನೋಡಿ. ಪ್ರೆಶರ್ ಸೆನ್ಸರಿನ ಮೂತಿಗೆ ಕ್ಲೀನರ್ ಸಿಂಪಡಿಸಿ ತಾನಾಗಿ ಆರಲು ಬಿಡಿ, ಕಡ್ಡಿ ಚುಚ್ಚಬೇಡಿ. ತೊಳೆದ ಮೇಲೆ ಬೆಂಗಳೂರಿನಲ್ಲಿ ಅದರ ಅಂಕಿ 91. ಕೊನೆಗೆ ಸ್ಕ್ಯಾನರ್‌ನಿಂದ ಥ್ರಾಟಲ್ ಮತ್ತು ಇಜಿಆರ್ ಅಡಾಪ್ಟೇಷನ್ ರೀಸೆಟ್ ಮಾಡಬೇಕು. ಮಾಡದಿದ್ದರೆ ಹಳೆಯ ಮಸಿಯ ಲೆಕ್ಕದಲ್ಲೇ ಕೆಲವು ದಿನ ಓಡುತ್ತದೆ.

ಆಯಿಲ್ ಇಳಿಸುವಾಗ ಚೈನಿನ ಮಾತು

ಎನ್47ರ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಪಿಸ್ಟನ್‌ಗಳ ತಾಳಕ್ಕೆ ಓಡಿಸುವ ಸರಪಳಿ) ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ ಇದೆ. ಬದಲಿಸಲು ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕು. 2007ರಿಂದ 2011ರ ಆರಂಭದವರೆಗಿನ ಎಂಜಿನ್‌ಗಳಲ್ಲಿ ಸವೆತ ಹೆಚ್ಚು, ಆಮೇಲಿನವುಗಳಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಚೈನ್ ತುಂಡಾದರೆ ವಾಲ್ವ್ ಪಿಸ್ಟನ್ ಬಡಿದು ಎಂಜಿನ್ ಮುಗಿಯಿತು.

ಪರೀಕ್ಷೆ ಎರಡು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಹಿಂಭಾಗಕ್ಕೆ, ಹಿಡಿಯನ್ನು ಕಿವಿಗೆ ಒತ್ತಿ, 1,500ರಿಂದ 2,000 ಆರ್‌ಪಿಎಂ ನಡುವೆ ಕೇಳಿ. ಸಮನಾದ ಗುಂಯ್‌ಗುಟ್ಟುವಿಕೆ ಸರಿ. ಲೋಹ ಉಜ್ಜಿದಂತೆ ಕರಕರ ಬಂದರೆ ಓಡಿಸುವುದು ನಿಲ್ಲಿಸಿ. ಎರಡನೆಯದು ಆಯಿಲ್ ಫಿಲ್ಟರ್: ಹಳೆಯ ಫಿಲ್ಟರಿನ ಕಾಗದವನ್ನು ಕತ್ತರಿಸಿ, ಮಡಿಕೆ ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹಿಂಡಿ. ಚೈನ್ ಗೈಡ್ ಪ್ಲಾಸ್ಟಿಕ್‌ನದು, ಅದರ ಚೂರು ಸಿಕ್ಕರೆ ಬೇರೆ ಸಾಕ್ಷಿ ಬೇಡ. ಗಾಡಿ ಕೊಳ್ಳುವ ಮೊದಲೇ ಮಾರುವವರ ಒಪ್ಪಿಗೆ ಪಡೆದು ಈ ಪರೀಕ್ಷೆ ಮಾಡಿಸಿ. ಇಲ್ಲಿ ಎರಡೂ ಕಡೆ ಶುದ್ಧ.

ಆಯಿಲ್ 5ಡಬ್ಲ್ಯು-30, ಡಬ್ಬಿಯ ಮೇಲೆ ಎಲ್‌ಎಲ್-04 ಎಂದು ಬರೆದಿರಬೇಕು, 5.2 ಲೀಟರ್ ಹಿಡಿಯುತ್ತದೆ. ಡ್ರೈನ್ ಬೋಲ್ಟ್ ಹೊಸ ವಾಷರ್ ಹಾಕಿ 25 ನ್ಯೂಟನ್ ಮೀಟರ್, ಫಿಲ್ಟರ್ ಮುಚ್ಚಳವೂ 25. ಗಾಡಿಯ ಕಂಪ್ಯೂಟರ್ ಇನ್ನೂ ಸಾವಿರಾರು ಕಿಲೋಮೀಟರ್ ಉಳಿದಿದೆ ಎಂದು ತೋರಿಸುತ್ತಿರುತ್ತದೆ. ಚೈನ್ ಉಳಿಯಬೇಕಾದರೆ 10,000 ಕಿ.ಮೀ.ಗೆ ಬದಲಿಸಿ.

ಡೀಸೆಲ್ ಫಿಲ್ಟರ್ ಗಾಡಿಯ ಅಡಿಯಲ್ಲಿದೆ. ಬದಲಿಸಿದ ಮೇಲೆ ಸೀದಾ ಸ್ಟಾರ್ಟ್ ಮಾಡಬೇಡಿ. ಕೀಲಿ ಆನ್ ಮಾಡಿ ಅರ್ಧ ನಿಮಿಷ ಬಿಡಿ, ಆಫ್ ಮಾಡಿ, ಹೀಗೆ ಮೂರು ನಾಲ್ಕು ಸಲ. ಟ್ಯಾಂಕಿನ ಪಂಪ್ ಗಾಳಿ ತಳ್ಳಿದ ಮೇಲೆ ಸ್ಟಾರ್ಟ್.

ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬರುತ್ತದೆ ಎನ್ನುವ ಮಾತನ್ನು ಬಿಡಿ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ರಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಪ್ಲಾಸ್ಟಿಕ್ ತಟ್ಟೆಯೊಳಗೇ ಫಿಲ್ಟರ್ ಇರುವುದರಿಂದ ತಟ್ಟೆಯನ್ನೇ ಬದಲಿಸಬೇಕು. 6 ಸ್ಪೀಡಿಗೆ ಲೈಫ್‌ಗಾರ್ಡ್ 6, ನಂತರದ 8 ಸ್ಪೀಡ್ ಗಾಡಿಗಳಿಗೆ ಲೈಫ್‌ಗಾರ್ಡ್ 8. ಎರಡನ್ನೂ ಅದಲುಬದಲು ಮಾಡುವಂತಿಲ್ಲ. ತುಂಬುವ ಬೋಲ್ಟ್ ಮೊದಲು ಸಡಿಲಿಸಿ ನೋಡಿ, ಆಮೇಲೆ ಇಳಿಸುವ ಬೋಲ್ಟ್ ಬಿಚ್ಚಿ. ತುಂಬುವುದು ಬಿಚ್ಚದಿದ್ದರೆ ಆಯಿಲ್ ಇಲ್ಲದ ಗಾಡಿ ಜಾಕಿಯ ಮೇಲೆಯೇ ಉಳಿಯುತ್ತದೆ. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಗಾಡಿ ಸಮತಟ್ಟಾಗಿರುವಾಗ, ಗೇರ್ ಆಯಿಲ್ 40 ಡಿಗ್ರಿ ಹತ್ತಿರ ಇರುವಾಗ: ತುಂಬುವ ಬಾಯಿಂದ ಸಣ್ಣ ಧಾರೆ ತುಳುಕಿದರೆ ಮುಚ್ಚಿ. ವಯರಿಂಗ್ ಕನೆಕ್ಟರ್ ಕೂರುವ ಪ್ಲಾಸ್ಟಿಕ್ ತೋಳಿನ ಸೀಲ್‌ಗಳಿಂದ ಆಯಿಲ್ ಒಸರುವುದು 6 ಸ್ಪೀಡಿನ ಸಾಮಾನ್ಯ ದೋಷ. ತಟ್ಟೆ ಇಳಿಸಿದಾಗಲೇ ಅದನ್ನೂ ಬದಲಿಸಿದರೆ ಮತ್ತೆ ಆಯಿಲ್ ಚೆಲ್ಲಬೇಕಿಲ್ಲ.

ಉಳಿದದ್ದು ಚುಟುಕಾಗಿ. ಕ್ರ್ಯಾಂಕ್ ಪುಲ್ಲಿಯ ನಡುವಿನ ರಬ್ಬರ್‌ನಲ್ಲಿ ಸೀಳು ಕಂಡಿತು, ಬದಲಿಸಲಾಯಿತು. ಅದರ ಬೋಲ್ಟ್‌ಗಳು ಒಂದೇ ಬಳಕೆಯವು, ಹೊಸದೇ ಬೇಕು. ಬ್ಯಾಟರಿ ಬದಲಿಸಿದರೆ ಸ್ಕ್ಯಾನರ್‌ನಲ್ಲಿ ನೋಂದಾಯಿಸಲೇಬೇಕು, ಇಲ್ಲದಿದ್ದರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡಿ ಹೊಸದನ್ನು ಕೆಡಿಸುತ್ತದೆ. 225/50 ಆರ್17 ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ತೆಗೆದು ಸಾದಾ ಟ್ಯೂಬ್‌ಲೆಸ್ ಹಾಕಿದರೆ ನಮ್ಮ ರಸ್ತೆಗಳಿಗೆ ಸವಾರಿ ಮೆತ್ತಗಾಗುತ್ತದೆ, ಆದರೆ ಸ್ಟೆಪ್ನಿ ಇಲ್ಲದ ಗಾಡಿಯಲ್ಲಿ ಪಂಕ್ಚರ್ ಕಿಟ್ಟೂ ಗಾಳಿ ಪಂಪೂ ಇರಲೇಬೇಕು. ಸನ್‌ರೂಫ್ ಇರುವ ಗಾಡಿಯಲ್ಲಿ, ಕರಾವಳಿ ಮಲೆನಾಡಿನವರು ಮುಖ್ಯವಾಗಿ, ಮಳೆಗಾಲಕ್ಕೆ ಮೊದಲು ಅದರ ಮೂಲೆಯ ನೀರಿನ ತೂತಿಗೆ ಒಂದು ಲೋಟ ನೀರು ಸುರಿದು ಅದು ಗಾಡಿಯ ಅಡಿಯಲ್ಲಿ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಆ ನೀರು ಕಾರ್ಪೆಟ್ ಅಡಿಗೆ, ವಯರಿಂಗ್ ಮೇಲೆ ಹೋಗುತ್ತಿದೆ.

ಎಲ್ಲ ಮುಗಿದು 1,800 ಕಿ.ಮೀ. ಓಡಿದ ಮೇಲೆ, ಬೆಂಗಳೂರು ಮಂಗಳೂರು ಹೋಗಿಬಂದು, ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆದ ಮೈಲೇಜ್ 16.2. 1,500ರ ಮುಗ್ಗರಿಕೆ ಇಲ್ಲ, ಬೆಳಗಿನ ನಡುಕ ಇಲ್ಲ. 96,000ಕ್ಕೆ ಆಯಿಲ್ ಬದಲಿಸುವಾಗ ಥ್ರಾಟಲ್ ಬಾಡಿ ಮಾತ್ರ ಬಿಚ್ಚಿ, ಮಾನಿಫೋಲ್ಡ್ ಕತ್ತಿನಲ್ಲಿ ಮಸಿ ಎಷ್ಟು ಕೂತಿದೆ ಎಂದು ಅಳೆಯುವುದು ಬಾಕಿ ಇದೆ.